ಟೆಂಡರ್‌ನಲ್ಲೇ ಕಲೆಗೆ ಜಾಗವಿರಲಿ: ಮೆಟ್ರೊ ನಿಗಮಕ್ಕೊಂದು ಬಹಿರಂಗ ಪತ್ರ

ಬೆಂಗಳೂರು ಮೆಟ್ರೊ ರೈಲು ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ,

ಮಾನ್ಯರೆ,

ಕೇಂದ್ರ ಸಚಿವ ಸಂಪುಟವು 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿದ ನಮ್ಮ ಮೆಟ್ರೊ ಮೂರನೆಯ ಹಂತದಲ್ಲಿ 44.65 ಕಿಲೊಮೀಟರ್ ಎತ್ತರಿಸಿದ ಮಾರ್ಗವೂ 31 ನಿಲ್ದಾಣಗಳೂ ಇವೆ. ಅವುಗಳ ಗೋಡೆ, ಕಂಬ, ಮೆಟ್ಟಿಲುಗಳ ವಿನ್ಯಾಸ ಅಂತಿಮಗೊಳ್ಳುವ ಮೊದಲೇ ಕಲಾವಿದರನ್ನು ವಾಸ್ತುಶಿಲ್ಪಿಗಳ ಜೊತೆ ಕೂರಿಸಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ನಿಗಮಕ್ಕೆ ಕಲೆ ಹೊಸದಲ್ಲ. ಎಂ.ಜಿ. ರಸ್ತೆಯ ರಂಗೋಲಿ ಕಲಾಕೇಂದ್ರವನ್ನೂ, ಸೃಷ್ಟಿ ಕಲೆ ಮತ್ತು ವಿನ್ಯಾಸ ಶಿಕ್ಷಣ ಸಂಸ್ಥೆಯ ವಿದ್ಯಾರ್ಥಿಗಳು ಪೀಣ್ಯ ಮತ್ತು ಕಬ್ಬನ್ ಪಾರ್ಕ್ ನಿಲ್ದಾಣಗಳಲ್ಲಿ ಮಾಡಿದ ಕೆಲಸವನ್ನೂ ನಾವು ಮೆಚ್ಚಿಕೊಂಡವರೇ. ಆದರೆ ಅಂಥ ಭಾಗ್ಯ ಕಂಡ ನಿಲ್ದಾಣಗಳು ಕೆಲವೇ. ಅಲ್ಲದೆ, ಕಟ್ಟಡ ಮುಗಿದ ಮೇಲೆ ಗೋಡೆಗೆ ಬಳಿದ ಚಿತ್ರದ ಮೇಲೆ ಇಂದಲ್ಲ ನಾಳೆ ಕೇಬಲ್ ಕೊಳವೆ ಹಾಯುತ್ತದೆ, ಫಲಕ ಬಂದು ಕೂರುತ್ತದೆ, ಬಣ್ಣ ಸುಲಿದಾಗ ಸರಿಪಡಿಸುವ ಹೊಣೆ ಯಾರದೆಂದೇ ತಿಳಿಯುವುದಿಲ್ಲ. ಕಾಂಕ್ರೀಟ್ ಹೊಯ್ಯುವ ಅಚ್ಚಿನಲ್ಲೇ ಮೂಡಿಸಿದ ಉಬ್ಬುಚಿತ್ರಕ್ಕೆ, ನೆಲಹಾಸಿಗೆ ಬಳಸುವ ಸಾದಹಳ್ಳಿ ಕಲ್ಲಿನಲ್ಲೇ ಕೆತ್ತಿದ ಗೆರೆಗೆ ಈ ಪಾಡಿಲ್ಲ.

ಏನನ್ನು ಮೂಡಿಸಬೇಕೆಂದು ದೂರ ಹುಡುಕಬೇಕಾಗಿಯೂ ಇಲ್ಲ. ಹೆಬ್ಬಾಳದಲ್ಲಿ ಸಿಕ್ಕಿರುವ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು; ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಅದೂ ಒಂದು. ಆ ಹಳಗನ್ನಡ ಅಕ್ಷರಗಳನ್ನು ಹೆಬ್ಬಾಳ ನಿಲ್ದಾಣದ ಗೋಡೆಯಲ್ಲಿ ಆಳೆತ್ತರಕ್ಕೆ ಕೆತ್ತಿಸಿ, ಪಕ್ಕದಲ್ಲಿ ಇಂದಿನ ಲಿಪಿಯ ಪಾಠ ಕೊಟ್ಟರೆ, ರೈಲಿಗೆ ಕಾಯುವ ಮಕ್ಕಳು ಬೆರಳಿಟ್ಟು ಓದಿಯಾರು. ಡಾ. ರಾಜ್‌ಕುಮಾರ್ ಅವರ ಸಮಾಧಿಯಿರುವ ಕಂಠೀರವ ಸ್ಟುಡಿಯೊ ಬಳಿಯ ನಿಲ್ದಾಣದ ಕೆಲಸವನ್ನು, ಫ್ಲೆಕ್ಸ್ ಬಂದ ಮೇಲೆ ಕುಂಚ ಕೆಳಗಿಟ್ಟ ಸಿನಿಮಾ ಬ್ಯಾನರ್ ಕಲಾವಿದರಿಗೇ ವಹಿಸಬಹುದು. (ಫ್ಲೆಕ್ಸ್‌ನಲ್ಲೇ ಮುದ್ರಿಸಿ ಅಂಟಿಸುವ ಅಪಾಯವೂ ಇದೆಯೆಂದು ಬಲ್ಲೆ.)

ಹಣದ ಮಾತು ಬರುತ್ತದೆ. ಲಾಸ್ ಏಂಜಲೀಸ್‌ನ ಮೆಟ್ರೊ ಸಂಸ್ಥೆ ರೈಲು ಮಾರ್ಗದ ನಿರ್ಮಾಣ ವೆಚ್ಚದ ಶೇ 0.5ರಷ್ಟನ್ನು ಕಲೆಗೆ ಮೀಸಲಿಡುತ್ತದೆ. ಇಲ್ಲಿ ನಿಲ್ದಾಣಗಳ ಕಟ್ಟಡ ವೆಚ್ಚದಲ್ಲಿ ಮಾತ್ರ ಅಷ್ಟನ್ನು ತೆಗೆದಿಟ್ಟರೂ ಸಾಕು. ಅದರಲ್ಲೊಂದು ಪಾಲು ನಿರ್ವಹಣೆಗೆ ಇರಲಿ. ಆಯ್ಕೆ ಬಹಿರಂಗ ಸ್ಪರ್ಧೆಯಿಂದ ಆಗಲಿ. ‘ಪ್ರಚಾರ ಸಿಗುತ್ತದೆ’ ಎಂದು ಕಲಾವಿದರಿಂದ ಪುಕ್ಕಟೆ ದುಡಿಸಿಕೊಳ್ಳುವುದು ಬೇಡ. ಜಾಹೀರಾತಿನ ಆದಾಯ ನಿಗಮಕ್ಕೆ ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಜಾಹೀರಾತು ತಲುಪಬಾರದ ಗೋಡೆಗಳನ್ನು ನಕ್ಷೆಯಲ್ಲೇ ಗುರುತಿಸಿಡಬೇಕು.

ನಿಲ್ದಾಣಗಳ ಟೆಂಡರ್ ದಾಖಲೆಯಲ್ಲಿ ಇದಕ್ಕೊಂದು ಷರತ್ತು ಸೇರಿಸಲು ಸಾಧ್ಯವೇ ಎಂಬುದನ್ನು ತಾವು ಸಾರ್ವಜನಿಕವಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಮೆಟ್ರೊದ ಒಬ್ಬ ನಿತ್ಯ ಪ್ರಯಾಣಿಕ