ಮುಖ ಮಬ್ಬು ಮಾಡಿದರು, ಸೀರೆ ಹಾಗೇ ಬಿಟ್ಟರು

ಸಂಪಾದಕರೇ,

'ವೇಶ್ಯಾವಾಟಿಕೆ ಅಡ್ಡೆ ಮೇಲೆ ದಾಳಿ, ಮಹಿಳೆಯರ ರಕ್ಷಣೆ' ಅನ್ನೋ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ನಾನೂ ಇದೇ ಕೆಲಸದವಳು. ಕಳೆದ ವರ್ಷ ಹೀಗೆ 'ರಕ್ಷಣೆ'ಯಾದವರಲ್ಲಿ ನನ್ನ ಗೆಳತಿ ಇದ್ದಳು. ಒಂದು ಪತ್ರಿಕೆ ಫೋಟೊ ಹಾಕಿ ಮುಖ ಮಾತ್ರ ಮಬ್ಬು ಮಾಡಿತ್ತು. ಅವಳು ಉಟ್ಟಿದ್ದದ್ದು ಗೌರಿ ಹಬ್ಬಕ್ಕೆ ತಗೊಂಡ ಹಸಿರು ಸೀರೆ, ವಠಾರದವರೆಲ್ಲ ಸೆರಗು ಮುಟ್ಟಿ ನೋಡಿದ್ದ ಸೀರೆ. ಅವಳು ವಾಪಸ್ ಬರುವಷ್ಟರಲ್ಲಿ ಓನರ್ ಅಮ್ಮ ಗೇಟಿನಲ್ಲೇ ನಿಂತಿದ್ದರು, 'ತಿಂಗಳ ಕೊನೆಗೆ ಖಾಲಿ ಮಾಡಮ್ಮ' ಅಂತ. ಅಡ್ವಾನ್ಸ್ ಪೂರ್ತಿ ಸಿಗಲಿಲ್ಲ. ಯಾರಿಂದ ಯಾರನ್ನು ರಕ್ಷಿಸಿದರೋ!

ಬಲವಂತಕ್ಕೆ ಸಿಕ್ಕವರನ್ನು, ಮಕ್ಕಳನ್ನು ಬಿಡಿಸಿ, ಬೇಡ ಅನ್ನುವವರು ಯಾರು? ಆದರೆ ಬುದ್ಧಿ ಬಲಿತ ಹೆಂಗಸನ್ನು 'ನಿನಗೇನು ಬೇಕಮ್ಮ' ಅಂತ ಒಂದು ಮಾತು ಕೇಳದೆ ಜೀಪು ಹತ್ತಿಸುವುದು ಯಾವ ಸೀಮೆ ರಕ್ಷಣೆ?

2022ರ ಮೇ 19ರಂದು ಸುಪ್ರೀಂ ಕೋರ್ಟ್ ಈ ಬಗ್ಗೆ ಆದೇಶ ಕೊಟ್ಟಿತು. ದಾಳಿ ಸುದ್ದಿಯಲ್ಲಿ ನಮ್ಮ ಗುರುತು ಬಯಲಾಗಬಾರದು, ಕಾಂಡೋಮ್ ಸಿಕ್ಕಿದ್ದನ್ನು ಅಪರಾಧದ ಸಾಕ್ಷಿ ಮಾಡಬಾರದು ಅಂತೆಲ್ಲ ಅದರಲ್ಲಿದೆ. ಆ ಕಾಂಡೋಮ್ ಆದರೂ ಏಡ್ಸ್ ತಡೆಯಲಿ ಅಂತ ಸರ್ಕಾರದ ದುಡ್ಡಲ್ಲೇ ಹಂಚುವಂಥದ್ದು! ಈಗಲೂ ಪೊಲೀಸರು ಬ್ಯಾಗ್ ತೆಗೆ ಅಂದರೆ ಎದೆ ಡವಡವ. ನಾನು ಟಿಫಿನ್ ಡಬ್ಬಿಯ ಮೇಲಿನ ಬಟ್ಟಲಲ್ಲಿ ಇಟ್ಟುಕೊಳ್ಳುತ್ತೇನೆ, ಕೆಳಗಡೆ ಚಿತ್ರಾನ್ನ.

ಆ ಆದೇಶಕ್ಕೆ ಮೊದಲು ಕೋರ್ಟೇ ನೇಮಿಸಿದ್ದ ಸಮಿತಿ 10 ಶಿಫಾರಸು ಕೊಟ್ಟಿತ್ತು. ನಮಗೆ ಸಂಬಂಧಪಟ್ಟ ಯೋಜನೆ, ಕಾನೂನು ಮಾಡುವಾಗ ನಮ್ಮನ್ನೂ ಕೂರಿಸಿಕೊಂಡು ಮಾತಾಡಿ ಅನ್ನೋದು ಅದರಲ್ಲೊಂದು. ಕೇಂದ್ರ ಸರ್ಕಾರ ತಕರಾರು ತೆಗೆದ ನಾಲ್ಕರಲ್ಲಿ ಅದೂ ಸೇರಿ, ಅಲ್ಲೇ ನಿಂತಿತು. ಕೇಳುವುದಕ್ಕೇ ತಕರಾರು ನೋಡಿ. ಸರ್ಕಾರಿ ಕಾಗದದಲ್ಲಿ ನಮಗೆ 'ದಮನಿತ ಮಹಿಳೆಯರು' ಅಂತ ಹೆಸರಿಟ್ಟಾಗಲೂ ನಮ್ಮನ್ನು ಯಾರೂ ಕೇಳಲಿಲ್ಲ. ನಾವು ಕಾರ್ಮಿಕರು ಅಂತ ನಮ್ಮ ಸಂಘದವರು ಎಷ್ಟು ವರ್ಷದಿಂದ ಹೇಳುತ್ತಿದ್ದಾರೆ.

ಕೇಳಿದ್ದರೆ ವೇಶ್ಯಾವಾಟಿಕೆ ದಾಳಿಗೆ ಬಳಸುವ 1956ರ ಕಾಯ್ದೆ ಬಗ್ಗೆ ಹೇಳುತ್ತಿದ್ದೆವು. ಖರ್ಚು ಉಳಿಯಲಿ, ಜೊತೆಗೊಬ್ಬರಿದ್ದರೆ ಧೈರ್ಯ ಅಂತ ಇಬ್ಬರು ಸೇರಿ ಒಂದು ರೂಮಲ್ಲಿ ಕೆಲಸ ಮಾಡಿದರೆ ಅದು ವೇಶ್ಯಾಗೃಹ. ನಮ್ಮ ದುಡಿಮೆ ಅಂತ ಗೊತ್ತಿದ್ದೂ ಅದರಲ್ಲಿ ಬದುಕುವವರು 18 ದಾಟಿದ್ದರೆ ಎರಡು ವರ್ಷದವರೆಗೆ ಜೈಲು. ನನ್ನ ಮಗನಿಗೆ ಜೂನ್‌ಗೆ 18 ತುಂಬುತ್ತದೆ. ನನ್ನ ಕೆಲಸ ಅವನಿಗೆ ಗೊತ್ತು. ಡಿಗ್ರಿ ಫೀಸು ಕಟ್ಟುವವಳು ನಾನೇ.

ಪತ್ರ ಹಾಕಿದರೆ ಹೆಸರು ಬೇಡ, ಬೆಂಗಳೂರು ಅಂತಷ್ಟೇ ಹಾಕಿ.

ನಿಮ್ಮ ಪತ್ರಿಕೆ ಓದುವ ಒಬ್ಬಳು
ಬೆಂಗಳೂರು