ಸ್ವೆಟರ್ ಬಿಚ್ಚಿಸಿ ಜಾಗೃತಿ ಮೂಡಿಸಿದರು!

ಮಾನ್ಯರೇ,

ಜೂನ್ 19ರಂದು ನಮ್ಮ ತಾಲ್ಲೂಕಿನಲ್ಲಿ ನಡೆದ ಸಿಕಲ್ ಸೆಲ್ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ದಿನಾಚರಣೆಯ ವರದಿ, ಫೋಟೊ ಎರಡನ್ನೂ ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ಎಡಗಡೆಯಿಂದ ಮೂರನೆಯವಳು, ಈ ಕಾಯಿಲೆಯ ಕಾರ್ಡ್ ಹಿಡಿದು ನಿಂತವಳು ನನ್ನ ಮಗಳು. ಅವಳಿಗೂ ಇದೇ ಕಾಯಿಲೆ. ‘ಅರ್ಥಪೂರ್ಣ ಕಾರ್ಯಕ್ರಮ’ ಅಂತ ಬರೆದಿದ್ದೀರಿ. ಅದರ ಅರ್ಥ ನಮಗೆ ಅವತ್ತು ರಾತ್ರಿ ಹನ್ನೊಂದಕ್ಕೆ ಗೊತ್ತಾಯಿತು.

ಕಾರ್ಯಕ್ರಮ ಹತ್ತಕ್ಕೆ. ಅತಿಥಿಗಳು ಬಂದಿದ್ದು ಒಂದೂಕಾಲಿಗೆ. ಅಲ್ಲಿವರೆಗೂ ಮಕ್ಕಳು ಶಾಮಿಯಾನದ ಅಂಚಿನಲ್ಲಿ, ಜಡಿಮಳೆಯ ಗಾಳಿಗೆ ನಿಂತಿದ್ದರು. ಫೋಟೊದಲ್ಲಿ ಯೂನಿಫಾರಂ ಕಾಣಬೇಕಂತೆ, ಸ್ವೆಟರ್ ಬೇರೆ ಬಿಚ್ಚಿಸಿದರು. ನೀರಿನ ಬಾಟಲಿ ವೇದಿಕೆ ಮೇಲೆ ಮಾತ್ರ. ಈ ಕಾಯಿಲೆ ಇರುವವರಿಗೆ ಚಳಿ ತಾಗಬಾರದು, ಮೈಯಲ್ಲಿ ನೀರು ಕಮ್ಮಿಯಾಗಬಾರದು. ಹಾಗೇನಾದರೂ ಆದರೆ ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ಮೂಳೆಯೊಳಗಿಂದ ನೋವು ಏಳುತ್ತೆ. ಇದು ನಾನು ಹೇಳುವ ಮಾತಲ್ಲ. ಅವತ್ತು ಅವರೇ ಹಂಚಿದ ಕರಪತ್ರದಲ್ಲಿದೆ.

ರಾತ್ರಿ ಮಗಳಿಗೆ ಅದೇ ನೋವು ಎದ್ದಿತು. ಆಂಬುಲೆನ್ಸ್ ಕೇಳಿದರೆ ‘ಬೇರೆ ಕೇಸಿಗೆ ಹೋಗಿದೆ’ ಎಂದರು. ಪಕ್ಕದ ಊರಿನ ಓಮ್ನಿಗೆ 1,800 ರೂಪಾಯಿ. ಚೆಕ್‌ಪೋಸ್ಟ್ ಗೇಟ್ ತೆಗೆಸುವುದರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಆಸ್ಪತ್ರೆಯಲ್ಲಿ ಮಗು ತೊಡೆ ಹಿಡಿದುಕೊಂಡು ಕಿರುಚುತ್ತಿದ್ದರೆ, ಡ್ಯೂಟಿಯಲ್ಲಿದ್ದವರು “ಎಲ್ಲಿ ಬಿದ್ದಳು?” ಅಂದರು. ಬೆಳಗ್ಗೆ ಕೊಟ್ಟ ಕಾರ್ಡನ್ನೇ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿ, “ಆಧಾರ್ ಲಿಂಕ್ ಆಗಿದೆಯಾ?” ಅಂತ ಕೇಳಿದರು! ಒಂದು ಇಂಜೆಕ್ಷನ್, ಒಂದು ಡ್ರಿಪ್. ಬೆಳಗಾಗುತ್ತಲೇ ಮೈಸೂರಿಗೆ ಬರೆದುಕೊಟ್ಟರು. ಮೂರು ದಿನದ ಕೂಲಿ ಹೋಯಿತು. ಹೆಂಡತಿ ಇನ್ನೂ ಮೈಸೂರಿನಲ್ಲೇ ಇದ್ದಾಳೆ.

ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್ ದಿನಾ ತಪ್ಪದೆ ನುಂಗಿಸಿ, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿದ್ದರೆ ಈ ನೋವು ಬರುವುದು ಕಮ್ಮಿಯಾಗುತ್ತೆ. ಹೋದ ವರ್ಷ ಆರು ತಿಂಗಳು ಸರಿಯಾಗಿ ಸಿಕ್ಕಿತ್ತು, ಮಗಳು ಒಂದು ದಿನವೂ ಶಾಲೆ ತಪ್ಪಿಸಿರಲಿಲ್ಲ. ಏಪ್ರಿಲ್‌ನಿಂದ ‘ಸ್ಟಾಕ್ ಇಲ್ಲ’. ಕಾರ್ಡ್ ಮಾತ್ರ ಧಾರಾಳವಾಗಿ ಸ್ಟಾಕ್ ಇದೆ.

ಭಾಷಣದಲ್ಲಿ ಒಬ್ಬರು, ನಾವು ಕುಡಿಯುವುದರಿಂದ, ಸಂಬಂಧದಲ್ಲೇ ಮದುವೆಯಾಗುವುದರಿಂದ ಈ ಕಾಯಿಲೆ ಎಂದು ಬುದ್ಧಿ ಹೇಳಿದರು. ಸ್ವಾಮೀ, ಕುಡಿತಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ನಾನು, ನನ್ನ ಹೆಂಡತಿ ಸಂಬಂಧಿಕರೂ ಅಲ್ಲ. ಇಬ್ಬರ ರಕ್ತದಲ್ಲೂ ಇದರ ಅಂಶ ಅರ್ಧ ಅರ್ಧ ಇತ್ತು, ಅಂದರೆ ನಮಗೆ ಕಾಯಿಲೆ ಇಲ್ಲ, ಮಕ್ಕಳಿಗೆ ದಾಟಬಹುದು. ಇಬ್ಬರಿಗೂ ಗೊತ್ತಿರಲಿಲ್ಲ. ಹಾಗಿದ್ದಾಗ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ದೊಡ್ಡವನಿಗೆ ಇಲ್ಲ, ಇವಳಿಗೆ ಬಂತು. ಇನ್ನೊಬ್ಬರು 2047ರೊಳಗೆ ದೇಶ ಸಿಕಲ್ ಸೆಲ್ ಮುಕ್ತವಾಗುತ್ತೆ ಎಂದರು. 2023ರಲ್ಲಿ ಪ್ರಧಾನಿಯವರು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಈ ಯೋಜನೆ ಶುರು ಮಾಡಿದಾಗಲೂ ಇದೇ ಮಾತು ಕೇಳಿದ್ದೆ. 2047ಕ್ಕೆ ನನ್ನ ಮಗಳಿಗೆ ಮೂವತ್ತು ದಾಟಿರುತ್ತೆ. ಸದ್ಯಕ್ಕೆ ಈ ತಿಂಗಳ ಮಾತ್ರೆ ಕೊಟ್ಟರೆ ಸಾಕು, ಅಲ್ವಾ?

ಅಂಗವಿಕಲರ ಸರ್ಟಿಫಿಕೇಟಿನ ಕಥೆ ಇನ್ನೂ ಚೆಂದ. 2016ರ ಕಾನೂನಿನಲ್ಲೇ ಈ ಕಾಯಿಲೆಯ ಹೆಸರಿದೆ. ಎರಡು ಸಲ ಅರ್ಜಿ ಕೊಟ್ಟೆ. “ಕೈಕಾಲು ಚೆನ್ನಾಗೇ ಇದೆಯಲ್ಲ, ನಡೆದುಕೊಂಡೇ ಬಂದಿದ್ದಾಳಲ್ಲ” ಅಂತ ವಾಪಸ್ ಕಳಿಸಿದರು. ಹೊತ್ತುಕೊಂಡು ಬರಬೇಕಿತ್ತೇನೋ. ಕರಪತ್ರದಲ್ಲಿ ‘ನೀರು ಜಾಸ್ತಿ ಕುಡಿಸಿ’ ಅಂತಲೂ ಇದೆ. ಹಾಡಿಯ ಬೋರ್‌ವೆಲ್ ಮೋಟರ್ ಸುಟ್ಟು ಎಂಟು ತಿಂಗಳಾಯಿತು. ಕೇಳಿದರೆ ಟೆಂಡರ್ ಅಂತಾರೆ. ಈ ಹಿಂದಿನವರೂ ಹಾಗೇ ಅಂತಿದ್ದರು, ವರ್ಗ ಆಗಿ ಹೋದರು. ರಸ್ತೆ ವಿಷಯ ಬರೆದರೆ ನಿಮ್ಮ ಪುಟ ಸಾಲದು.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಮಾತ್ರೆ ತರಿಸಬೇಕು. ಮೋಟರನ್ನೂ ರಿಪೇರಿ ಮಾಡಿಸಬೇಕು. ಆಗಲ್ಲ ಅಂದರೆ ಮುಂದಿನ ವರ್ಷ ನಮ್ಮ ಮಕ್ಕಳನ್ನು ಸುಮ್ನೆ ಫೋಟೊಗೆ ಕರೆಯಬೇಡಿ, ನೀವೇ ಕಾರ್ಡ್ ಹಿಡಿದುಕೊಂಡು ಮಳೆಯಲ್ಲಿ ನಿಂತುಕೊಳ್ಳಿ. ಮತ್ತೆ, ಅವತ್ತು ಬಿಚ್ಚಿಸಿಕೊಂಡ ನೀಲಿ ಸ್ವೆಟರ್ ಇನ್ನೂ ವಾಪಸ್ ಬಂದಿಲ್ಲ. ಯಾರ ಆಫೀಸಿನಲ್ಲಿದ್ದರೂ ಅದನ್ನಾದರೂ ಕಳಿಸಿಕೊಡಿ.

– ನೊಂದ ತಂದೆ, ಕಾಡಂಚಿನ ಹಾಡಿ