ಹನ್ನೆರಡು ಸಲ ದಾವಣಗೆರೆಗೆ ಹೋಗಿಬರಲಾಗದವರ ಪರವಾಗಿ ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಾನು ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನೆಲೆಸಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ವಯಸ್ಸು 67. ಮೂರು ವರ್ಷಗಳಿಂದ ಸಂತೆಗೆ, ಬ್ಯಾಂಕಿಗೆ, ಹೊಲಕ್ಕೆ ಎಲ್ಲಿಗೆ ಹೊರಟರೂ ಸೈಕಲ್ ತಳ್ಳಿಕೊಂಡೇ ಹೋಗುತ್ತೇನೆ. "ಮೇಷ್ಟ್ರೇ, ಪಂಚರ್ ಆಯ್ತಾ?" ಎಂದು ಕೇಳದವರು ಊರಿನಲ್ಲಿ ಉಳಿದಿಲ್ಲ. ಹ್ಯಾಂಡಲ್ ಮೇಲೆ ಭಾರ ಹಾಕಿ ತುಸು ಮುಂದಕ್ಕೆ ಬಾಗಿದರೆ ಅರ್ಧ ಮೈಲಿ ನಡೆಯಬಲ್ಲೆ. ನೆಟ್ಟಗೆ ನಡೆದರೆ ಇನ್ನೂರು ಹೆಜ್ಜೆ ದಾಟುವುದರೊಳಗೆ ಎರಡೂ ಕಾಲು ಭಾರವಾಗಿ, ಮೀನಖಂಡದಲ್ಲಿ ಉರಿ ಹತ್ತಿ, ಯಾರ ಮನೆಯ ಕಟ್ಟೆಯಾದರೂ ಸರಿ, ಕೂತರೆ ಸಾಕೆನಿಸುತ್ತದೆ. ಕೂತ ಎರಡು ಮೂರು ನಿಮಿಷಕ್ಕೆ ನೋವು ಇಳಿಯುತ್ತದೆ.

ವೈದ್ಯರು ಇದನ್ನು ಸ್ಪೈನಲ್ ಸ್ಟೆನೋಸಿಸ್ ಎನ್ನುತ್ತಾರೆ. ವಯಸ್ಸಾದಂತೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿ, ಬೆನ್ನುಮೂಳೆಯ ಹಿಂಬದಿಯ ಕೀಲುಗಳು ಬೆಳೆದು, ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು ದಪ್ಪಗಾಗಿ, ಕಾಲಿಗೆ ಇಳಿಯುವ ನರಗಳು ಹಾದುಹೋಗುವ ನಾಳ ಕಿರಿದಾಗುತ್ತದೆ. ನೆಟ್ಟಗೆ ನಿಂತಾಗ ಆ ನಾಳ ಇನ್ನಷ್ಟು ಇಕ್ಕಟ್ಟಾಗುತ್ತದೆ, ಬಾಗಿದಾಗ ಅಥವಾ ಕೂತಾಗ ತುಸು ಸಡಿಲವಾಗುತ್ತದೆ. ನನ್ನ ಸೈಕಲ್ಲಿನ ಗುಟ್ಟು ಇಷ್ಟೇ. ಆದರೆ ಇದೇ ಕಾರಣಕ್ಕೆ ನಮ್ಮ ಕಡೆಯ ಹೆಣ್ಣುಮಕ್ಕಳ ನೋವನ್ನು ಮನೆಯವರೇ ನಂಬುವುದಿಲ್ಲ. ಈರುಳ್ಳಿ ಹೊಲದಲ್ಲಿ ಬೆಳಗಿನಿಂದ ಬಾಗಿ ಕಳೆ ತೆಗೆಯುವಾಗ ಸುಮ್ಮನಿದ್ದ ಕಾಲು, ಸಂಜೆ ಊರಿಗೆ ನಡೆದು ಬರುವಾಗ ಹಿಡಿದುಕೊಳ್ಳುತ್ತದೆ. "ದುಡಿಯುವಾಗ ಇಲ್ಲದ ನೋವು ನಡೆಯುವಾಗ ಎಲ್ಲಿಂದ ಬಂತು?" ಎನ್ನುವ ಪ್ರಶ್ನೆಯನ್ನು ನನ್ನ ಅತ್ತಿಗೆ ಐದಾರು ವರ್ಷ ಕೇಳಿಸಿಕೊಂಡರು. ಅದು ನೆಪವಾಗಿರಲಿಲ್ಲ, ರೋಗದ ಲಕ್ಷಣವೇ ಆಗಿತ್ತು. ರಕ್ತನಾಳ ಕಟ್ಟಿಕೊಂಡು ಬರುವ ಕಾಲುನೋವು ಸಾಮಾನ್ಯವಾಗಿ ಬರಿದೇ ನಿಂತರೂ ಇಳಿಯುತ್ತದೆ, ನಮ್ಮದು ಇಳಿಯಬೇಕಾದರೆ ಕೂರಬೇಕು ಅಥವಾ ಬಾಗಬೇಕು. ನೋವು ನಿಂತರೆ ಇಳಿಯುತ್ತದೋ, ಕೂತರೆ ಇಳಿಯುತ್ತದೋ ಎಂಬ ಈ ಒಂದು ಪ್ರಶ್ನೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೇಳಿದರೆ ಅರ್ಧ ರೋಗನಿರ್ಣಯ ಅಲ್ಲಿಯೇ ಆಗುತ್ತದೆ.

ನನಗೆ ಮೊದಲು ಸಿಕ್ಕ ಸಲಹೆ ಶಸ್ತ್ರಚಿಕಿತ್ಸೆಯದು. ನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಎಂ.ಆರ್.ಐ. ಚಿತ್ರವನ್ನು ಬೆಳಕಿಗೆ ಹಿಡಿದು, ನನ್ನನ್ನು ನಾಲ್ಕು ಹೆಜ್ಜೆಯೂ ನಡೆಸಿ ನೋಡದೆ, ಮುಂದಿನ ವಾರ ದಾಖಲಾಗಿ ಎಂದರು. ಅರವತ್ತು ದಾಟಿದ ಎಷ್ಟೋ ಜನರ ಚಿತ್ರದಲ್ಲಿ ನಾಳ ಕಿರಿದಾಗಿರುತ್ತದೆ, ಆದರೆ ಅವರಲ್ಲಿ ಹಲವರಿಗೆ ನೋವೇ ಇರುವುದಿಲ್ಲ ಎಂಬುದನ್ನು ತಿಳಿಸಿದವರು ಎರಡನೆಯ ವೈದ್ಯರು. ಅವರು ನನ್ನನ್ನು ಫಿಸಿಯೋಥೆರಪಿಗೆ ಕಳಿಸಿದರು. ಅಂಗಾತ ಮಲಗಿ ಮಂಡಿಗಳನ್ನು ಹೊಟ್ಟೆಗೆ ಎಳೆದುಕೊಳ್ಳುವುದು, ಸೊಂಟವನ್ನು ನೆಲಕ್ಕೆ ಒತ್ತುವುದು, ಹೊಟ್ಟೆ ಮತ್ತು ಪೃಷ್ಠದ ಸ್ನಾಯುಗಳನ್ನು ಬಲಪಡಿಸುವುದು, ಇದ್ದಲ್ಲೇ ಕೂತು ತುಳಿಯುವ ಸೈಕಲ್, ನೋವು ಏರುವ ಮೊದಲೇ ಕೂತು ಮತ್ತೆ ನಡೆಯುವ ಅಭ್ಯಾಸ, ಇವಿಷ್ಟೇ ಅಲ್ಲಿ ಕಲಿತದ್ದು. ನಮ್ಮ ಯೋಗ ಶಿಬಿರಗಳಲ್ಲಿ ಬೆನ್ನುನೋವು ಎಂದವರಿಗೆಲ್ಲ ಭುಜಂಗಾಸನ ಹಾಕಿಸುತ್ತಾರೆ. ಹಿಂದಕ್ಕೆ ಬಾಗುವ ಆ ಆಸನ ನಮ್ಮಂಥವರಲ್ಲಿ ನೋವು ಹೆಚ್ಚಿಸುವುದೇ ಸಾಮಾನ್ಯ. ತಿಳಿದವರು ಎದುರಿಗಿದ್ದು ಕಲಿಸಬೇಕು ಎನ್ನುವುದು ಇದಕ್ಕೇ. ನನ್ನ ನೋವು ಮಾಯವಾಗಿಲ್ಲ, ಆದರೆ ನನ್ನ ಅಂಕೆಯಲ್ಲಿದೆ.

ನಾನು ಶಸ್ತ್ರಚಿಕಿತ್ಸೆಯ ವಿರೋಧಿಯಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಗೆ ಒಪ್ಪಿದ್ದ 169 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ವಾರಕ್ಕೆ ಎರಡು ಸಲದಂತೆ ಆರು ವಾರಗಳ ಫಿಸಿಯೋಥೆರಪಿಯನ್ನೂ ಗೊತ್ತುಮಾಡಲಾಗಿತ್ತು. ಎರಡು ವರ್ಷಗಳ ಬಳಿಕ ಎರಡೂ ಗುಂಪುಗಳ ಓಡಾಟದ ಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಫಿಸಿಯೋಥೆರಪಿ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿ ನಡುವೆ ಶಸ್ತ್ರಚಿಕಿತ್ಸೆಗೆ ಹೋದರು ಎಂಬುದನ್ನೂ ಮುಚ್ಚಿಡಬಾರದು. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನ ಬಗ್ಗೆ 400 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬರೀ ಮರಗಟ್ಟಿಸುವ ಔಷಧಿಗೆ ಹೋಲಿಸಿದರೆ ಆರನೇ ವಾರಕ್ಕೆ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ. ಇನ್ನು ಮೆಡಿಕಲ್ ಶಾಪಿನಿಂದ ತಿಂಗಳುಗಟ್ಟಲೆ ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆ ತಂದು ನುಂಗುವವರ ಹೊಟ್ಟೆ, ಮೂತ್ರಪಿಂಡ, ರಕ್ತದೊತ್ತಡಗಳ ಗತಿ ತಮ್ಮ ಇಲಾಖೆಗೆ ನಾನು ಹೇಳಬೇಕಾದದ್ದಲ್ಲ.

ಈಗ ನಮ್ಮ ಲೆಕ್ಕ ಕೇಳಿ. ವಾರಕ್ಕೆರಡರಂತೆ ಆರು ವಾರವೆಂದರೆ ಹನ್ನೆರಡು ಭೇಟಿ. ನಮ್ಮ ಕಡೆಯಿಂದ ದಾವಣಗೆರೆಗೆ ಹೋಗಿ ಬರಲು ಸುಮಾರು ನೂರು ಕಿಲೋಮೀಟರ್, ಅಂದರೆ ಒಟ್ಟು 1,200 ಕಿಲೋಮೀಟರ್ ಪ್ರಯಾಣ ಮತ್ತು ಹನ್ನೆರಡು ದಿನದ ಕೂಲಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಅತ್ತಿಗೆಗೆ ಟಿಕೆಟ್ ಹಣ ಉಳಿಯಿತು. ಸೀಟು ಸಿಗದ ದಿನ ಮಾತ್ರ, ಈ ರೋಗಕ್ಕೆ ಯಾವುದು ಆಗದೋ ಅದನ್ನೇ, ಎಂದರೆ ನಿಲ್ಲುವುದನ್ನೇ, ಅವರು ಗಂಟೆಗಟ್ಟಲೆ ಮಾಡಬೇಕಾಯಿತು. ಮೂರನೆಯ ಭೇಟಿಗೆ ಅವರು ಬಿಟ್ಟುಬಿಟ್ಟರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಆದರೆ ಅದರ ಒಲವೆಲ್ಲ ದಾಖಲಾಗಿ ಪಡೆಯುವ ಚಿಕಿತ್ಸೆಯ ಕಡೆಗೇ. ಬೆನ್ನು ಕೊಯ್ಯಿಸಿಕೊಳ್ಳುವವರಿಗೆ ದಾರಿ ಇದ್ದು, ಕೊಯ್ಯಿಸಿಕೊಳ್ಳದೆ ನಡೆಯಲು ಕಲಿಯಬಯಸುವವರಿಗೆ ಬಸ್ ನಿಲ್ದಾಣವೇ ಗತಿಯಾಗಿರುವುದು ನನಗೆ ಸರಿಯೆನಿಸುವುದಿಲ್ಲ.

ಹೊಸ ಯೋಜನೆಯನ್ನೇನೂ ಬೇಡುತ್ತಿಲ್ಲ. 2010-11ರಲ್ಲಿ ಆರಂಭವಾದ ಹಿರಿಯರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆರಡು ಸಲ ಹಿರಿಯರ ಕ್ಲಿನಿಕ್ ಮತ್ತು ಪುನಶ್ಚೇತನ ಸೇವೆ ಇರಬೇಕೆಂದಿದೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪ್ರತಿ ತಾಲ್ಲೂಕಿನಲ್ಲಿ ಫಿಸಿಯೋಥೆರಪಿಸ್ಟ್ ಯಾವ ದಿನ, ಯಾವ ಹೊತ್ತಿಗೆ, ಯಾವ ಕೇಂದ್ರದಲ್ಲಿ ಸಿಗುತ್ತಾರೆ ಎಂಬ ಪಟ್ಟಿಯನ್ನು ತಾವು ಪ್ರಕಟಿಸಬೇಕು. ಹುದ್ದೆ ಖಾಲಿಯಿರುವಲ್ಲಿ ಖಾಲಿ ಎಂದೇ ಬರೆಯಿಸಿ, ತುಂಬುವವರೆಗೆ ಪಕ್ಕದ ತಾಲ್ಲೂಕಿನವರನ್ನು ವಾರಕ್ಕೆ ಎರಡು ದಿನ ಕಳುಹಿಸಬೇಕು. ಹತ್ತು ಹನ್ನೆರಡು ಮಂದಿಯನ್ನು ಒಟ್ಟಿಗೆ ಕೂರಿಸಿ ಕಲಿಸಬಹುದಾದ ವ್ಯಾಯಾಮಗಳಿವು. ದೊಡ್ಡ ಯಂತ್ರ ಬೇಡ, ಒಂದು ಜಮಖಾನೆ, ಒಂದು ಸೈಕಲ್ ಸಾಕು.

ಇದರ ಜೊತೆಗೆ ಆಶಾ ಕಾರ್ಯಕರ್ತೆಯರಿಗೆ ಒಂದು ಎಚ್ಚರಿಕೆಯನ್ನು ಕಲಿಸಬೇಕು. ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ಮಲವಿಸರ್ಜನೆಯ ಅರಿವು ಹೋಗುವುದು, ತೊಡೆಗಳ ನಡುವೆ ಜೋಮು ಹಿಡಿಯುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರುವುದು ಕಂಡರೆ ವ್ಯಾಯಾಮ ಎನ್ನುತ್ತಾ ಕೂರದೆ ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು. ಅಲ್ಲಿ ತಡಮಾಡಿದರೆ ಹೋದ ಶಕ್ತಿ ಮರಳದೇ ಇರಬಹುದು.

ಕೊನೆಯದಾಗಿ, ತಾಲ್ಲೂಕು ಆಸ್ಪತ್ರೆಗಳ ಚೀಟಿ ಮಾಡಿಸುವ ಸರದಿಯ ಪಕ್ಕದಲ್ಲಿ ಉದ್ದಕ್ಕೆ ಬೆಂಚು ಹಾಕಿಸಿಕೊಡಿ. ಕೂತಲ್ಲೇ ಸರದಿ ಮುಂದೆ ಸರಿಯಲಿ. ಮೇಲೆ ಕೇಳಿದ ಪಟ್ಟಿ ಪತ್ರಿಕೆಯಲ್ಲಿ ಬಂದ ದಿನ ಅದನ್ನು ಕತ್ತರಿಸಿಕೊಂಡು ಅತ್ತಿಗೆಯ ಮನೆಗೆ ಹೋಗುತ್ತೇನೆ, ಸೈಕಲ್ ತಳ್ಳಿಕೊಂಡು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ,
ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ